ಷೇರು ಲಾಭ-ನಷ್ಟದ ಲೆಕ್ಕ ವರ್ಷದಿಂದ ವರ್ಷಕ್ಕೆ: ರಿಟರ್ನ್ಸ್ ಸಾಫ್ಟ್‌ವೇರ್ ಏನನ್ನು ಒಯ್ಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ

ಷೇರು, ಮ್ಯೂಚುವಲ್ ಫಂಡ್, ಚಿನ್ನ, ನಿವೇಶನ, ಯಾವುದನ್ನು ಮಾರಿದರೂ ಅದರ ತೆರಿಗೆ ಲೆಕ್ಕ ಆ ವರ್ಷದೊಳಗೇ ಮುಗಿಯುವುದಿಲ್ಲ. ಕೊಂಡ ಬೆಲೆ ಹತ್ತು ವರ್ಷ ಹಿಂದಿನದ್ದಾಗಿರಬಹುದು. ಆದ ನಷ್ಟ ಇನ್ನೂ ಎಂಟು ವರ್ಷ ಬಳಕೆಗೆ ಬರಬಹುದು. ಮನೆ ಮಾರಿ ಬ್ಯಾಂಕಿನಲ್ಲಿ ತೆಗೆದಿಟ್ಟ ಹಣದ ಗಡುವು ಮೂರು ವರ್ಷದ ನಂತರ ಎದುರಾಗಬಹುದು. ರಿಟರ್ನ್ಸ್ ಸಾಫ್ಟ್‌ವೇರ್ ಮಾತ್ರ ಪ್ರತಿ ವರ್ಷವೂ ಒರೆಸಿದ ಪಾಟಿ ಹಿಡಿದು ಶುರುಮಾಡುತ್ತದೆ. ಹಿಂದಿನದರಲ್ಲಿ ಸ್ವಲ್ಪ ಭಾಗ ತಾನಾಗಿ ತುಂಬಿಕೊಳ್ಳುತ್ತದೆ, ಸ್ವಲ್ಪ ಭಾಗವನ್ನು ನೀವು ಕೈಯಾರೆ ತುಂಬಬೇಕು, ಉಳಿದದ್ದನ್ನು ಅದು ಕೇಳುವುದೂ ಇಲ್ಲ.

ಇಲ್ಲಿ ಸಾಫ್ಟ್‌ವೇರ್ ಎಂದರೆ ಮೂರೂ ಸೇರಿ: ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗಿ ತುಂಬುವ ಫಾರ್ಮ್, ಇಲಾಖೆಯೇ ಉಚಿತವಾಗಿ ಕೊಡುವ ಆಫ್‌ಲೈನ್ ಯುಟಿಲಿಟಿ, ಮತ್ತು ಖಾಸಗಿ ಕಂಪನಿಗಳ ತಂತ್ರಾಂಶ. ಮೂರರ ಕೊನೆಯ ಉತ್ಪನ್ನವೂ ಇಲಾಖೆ ನಿಗದಿ ಮಾಡಿದ ನಮೂನೆಯ ಒಂದು ಜೇಸನ್ ಫೈಲ್. ಆ ನಮೂನೆ ಪ್ರತಿ ವರ್ಷ ಬದಲಾಗುತ್ತದೆ. ಹಾಗಾಗಿ ಕಳೆದ ವರ್ಷದ ಫೈಲ್‌ನಲ್ಲಿ ತಾರೀಖು ತಿದ್ದಿ ಈ ವರ್ಷಕ್ಕೆ ಹಾಕಲು ಬರುವುದಿಲ್ಲ. ಹಳೆಯ ವರ್ಷದ ರಿಟರ್ನ್ಸನ್ನು ಈಗ ತಿದ್ದಬೇಕಾಗಿ ಬಂದರೂ ಆಯಾ ವರ್ಷದ ಯುಟಿಲಿಟಿಯಲ್ಲೇ ತಿದ್ದಬೇಕು.

ಉದಾಹರಣೆಗಳೆಲ್ಲ 2025-26ನೇ ಆರ್ಥಿಕ ವರ್ಷದ ಆದಾಯಕ್ಕೆ, ಅಂದರೆ 2026-27ನೇ ಅಸೆಸ್‌ಮೆಂಟ್ ವರ್ಷದ ರಿಟರ್ನ್ಸ್‌ಗೆ ಸಂಬಂಧಿಸಿದವು.

ಮೊದಲು ಕೈಗೆ ತೆಗೆದುಕೊಳ್ಳಬೇಕಾದ ಕಾಗದಗಳು

ಸಾಫ್ಟ್‌ವೇರ್ ತೆರೆಯುವ ಮುಂಚೆ ಇಷ್ಟು ಒಂದು ಫೋಲ್ಡರ್‌ನಲ್ಲಿರಲಿ:

- ಕಳೆದ ವರ್ಷ ಸಲ್ಲಿಸಿದ ರಿಟರ್ನ್ಸ್‌ನ ಪಿಡಿಎಫ್, ಜೇಸನ್ ಮತ್ತು ಸೆಕ್ಷನ್ 143(1)ರ ಇಂಟಿಮೇಷನ್, ಅಂದರೆ ರಿಟರ್ನ್ಸ್ ಪರಿಶೀಲಿಸಿ ಇಲಾಖೆ ಕಳಿಸುವ ಲೆಕ್ಕದ ಪತ್ರ. ಪೋರ್ಟಲ್‌ನಲ್ಲಿ ಇ-ಫೈಲ್ ಮೆನುವಿನ ಕೆಳಗೆ ವ್ಯೂ ಫೈಲ್ಡ್ ರಿಟರ್ನ್ಸ್ ಒತ್ತಿದರೆ ಎಲ್ಲವೂ ಒಂದೇ ಕಡೆ ಸಿಗುತ್ತವೆ.
- ಬ್ರೋಕರ್ ಕೊಡುವ ಟ್ಯಾಕ್ಸ್ ಪಿ ಅಂಡ್ ಎಲ್, ಅಂದರೆ ಲಾಭ-ನಷ್ಟದ ವರದಿ. ಫಂಡ್‌ಗಳಿದ್ದರೆ ರಿಜಿಸ್ಟ್ರಾರ್‌ಗಳ ಕ್ಯಾಪಿಟಲ್ ಗೇನ್ಸ್ ಸ್ಟೇಟ್‌ಮೆಂಟ್.
- ಮಾರ್ಚ್ 31ರ ಹೋಲ್ಡಿಂಗ್ ಪಟ್ಟಿ, ಕಳೆದ ವರ್ಷದ್ದು ಒಂದು, ಈ ವರ್ಷದ್ದು ಒಂದು.
- ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿ. ಪಿಡಿಎಫ್‌ನ ಪಾಸ್‌ವರ್ಡ್ ಸಣ್ಣಕ್ಷರದ ಪ್ಯಾನ್, ಅದಕ್ಕೆ ಅಂಟಿದಂತೆ ಎಂಟಂಕಿಯ ಜನ್ಮದಿನಾಂಕ.

ಹೋಲ್ಡಿಂಗ್ ಪಟ್ಟಿಯನ್ನು ಯಾರೂ ಕೇಳುವುದಿಲ್ಲ, ಫಾರ್ಮ್‌ನಲ್ಲಿ ಅದಕ್ಕೆ ಜಾಗವೂ ಇಲ್ಲ. ಆದರೂ ಎರಡು ವರ್ಷದ ಲೆಕ್ಕವನ್ನು ಬೆಸೆಯುವುದು ಅದೊಂದೇ. ಕಳೆದ ವರ್ಷದ ಕೊನೆಯಲ್ಲಿದ್ದ ಷೇರು, ಕೂಡಿಸು ಈ ವರ್ಷ ಕೊಂಡದ್ದು, ಕಳೆ ಮಾರಿದ್ದು: ಇದು ಈ ಮಾರ್ಚ್ 31ರ ಪಟ್ಟಿಗೆ ಸರಿಹೊಂದಬೇಕು. ಹೊಂದದಿದ್ದರೆ ಬೋನಸ್ (ಉಚಿತವಾಗಿ ಸಿಗುವ ಷೇರು), ಸ್ಪ್ಲಿಟ್ (ಒಂದು ಷೇರು ಹಲವಾಗುವುದು), ವಿಲೀನ ಅಥವಾ ಬೇರೆ ಡಿಮ್ಯಾಟ್‌ಗೆ ವರ್ಗಾವಣೆ ಎಲ್ಲೋ ತಪ್ಪಿಹೋಗಿದೆ ಎಂದೇ ಅರ್ಥ.

ಯಾವ ಫಾರ್ಮ್? ಇಲ್ಲೇ ಸರಪಳಿ ಕಡಿಯುವುದು

ಸಂಬಳ ಮತ್ತು ಬಂಡವಾಳ ಲಾಭ ಇದ್ದವರಿಗೆ ಐಟಿಆರ್-2. ಇಂಟ್ರಾಡೇ (ಅದೇ ದಿನ ಕೊಂಡು ಮಾರುವುದು) ಅಥವಾ ಎಫ್ ಅಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ವ್ಯವಹಾರ ಇದ್ದರೆ ಅದು ಬಿಸಿನೆಸ್ ಆದಾಯ, ಆಗ ಐಟಿಆರ್-3. ಇಷ್ಟು ಬಹಳ ಮಂದಿಗೆ ಗೊತ್ತು.

2025-26ನೇ ಅಸೆಸ್‌ಮೆಂಟ್ ವರ್ಷದಿಂದ ಒಂದು ಸಡಿಲಿಕೆ ಬಂತು. ಸೆಕ್ಷನ್ 112ಎ ಅಡಿಯ, ಅಂದರೆ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದ ಲಿಸ್ಟೆಡ್ ಷೇರು ಮತ್ತು ಈಕ್ವಿಟಿ ಫಂಡ್‌ಗಳ ದೀರ್ಘಾವಧಿ ಲಾಭ 1.25 ಲಕ್ಷ ರೂಪಾಯಿ ಮೀರದಿದ್ದರೆ ಐಟಿಆರ್-1 ಅಥವಾ 4ರಲ್ಲೇ ತೋರಿಸಬಹುದು. ಸುಲಭ ಫಾರ್ಮ್ ಎಂದು ಅದಕ್ಕೆ ಕೈಹಾಕುವ ಮುಂಚೆ ಷರತ್ತು ನೋಡಿ: ಹಿಂದಿನಿಂದ ಬಂದ ನಷ್ಟವಾಗಲಿ ಮುಂದೊಯ್ಯಬೇಕಾದ ನಷ್ಟವಾಗಲಿ ಇರಕೂಡದು. ಐಟಿಆರ್-1ರಲ್ಲಿ ನಷ್ಟದ ಪಟ್ಟಿಯೇ ಇಲ್ಲ. ಒಂದು ವರ್ಷ ಏನೂ ಮಾರಿಲ್ಲ, ಸಂಬಳ ಮಾತ್ರ ಇದೆ ಎಂದು ಐಟಿಆರ್-1ಕ್ಕೆ ಹೋದರೆ, ಮರುವರ್ಷ ಸಾಫ್ಟ್‌ವೇರ್ ಹಿಂದಿನ ವರ್ಷದ ಫೈಲ್ ತೆರೆದಾಗ ಅಲ್ಲಿ ನಷ್ಟದ ಸುಳಿವೇ ಇರುವುದಿಲ್ಲ. ಬಾಕಿ ನಷ್ಟ ಒಂದು ರೂಪಾಯಿ ಉಳಿದಿದ್ದರೂ, ಅದು ತೀರುವವರೆಗೆ ಅಥವಾ ಅವಧಿ ಮುಗಿಯುವವರೆಗೆ, ಪ್ರತಿ ವರ್ಷ ಐಟಿಆರ್-2.

ಲಾಟ್‌ಗಳು: ಅತಿ ಹೆಚ್ಚು ತಪ್ಪು ಆಗುವ ಜಾಗ

ಡಿಮ್ಯಾಟ್ ಷೇರುಗಳಿಗೆ ಮೊದಲು ಬಂದದ್ದು ಮೊದಲು ಹೋಯಿತು ಎಂಬ ನಿಯಮ. ಸೆಕ್ಷನ್ 45(2ಎ) ಹೇಳುವುದು ಅದನ್ನೇ. ಈ ಎಣಿಕೆ ಪ್ರತಿ ಡಿಮ್ಯಾಟ್ ಖಾತೆಗೂ ಪ್ರತ್ಯೇಕ. ಎರಡು ಬ್ರೋಕರ್‌ಗಳ ಬಳಿ ಒಂದೇ ಕಂಪನಿಯ ಷೇರಿದ್ದರೆ, ಯಾವ ಖಾತೆಯಿಂದ ಮಾರಿದಿರೋ ಆ ಖಾತೆಯ ಹಳೆಯ ಲಾಟ್ (ಒಮ್ಮೆಗೆ ಕೊಂಡ ಷೇರುಗಳ ಗುಂಪು) ಹೋಗಬೇಕು. ಎರಡೂ ಟ್ರೇಡ್‌ಬುಕ್ (ಖರೀದಿ-ಮಾರಾಟದ ಪಟ್ಟಿ) ಒಟ್ಟಿಗೆ ಸುರಿದರೆ ಕೆಲವು ಖಾಸಗಿ ತಂತ್ರಾಂಶಗಳು ಎಲ್ಲವನ್ನೂ ಒಂದೇ ರಾಶಿ ಮಾಡಿ ಎಣಿಸುತ್ತವೆ. ಖಾತೆವಾರು ಎಣಿಸುವ ಆಯ್ಕೆ ಇದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ಮೊದಲು ನೋಡಿ.

ವರ್ಷ ದಾಟುವಾಗ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಒಂದು ಕಂಪನಿಯ 100 ಷೇರುಗಳನ್ನು 2021ರಲ್ಲಿ ತಲಾ 400 ರೂಪಾಯಿಗೆ, 50 ಷೇರುಗಳನ್ನು 2023ರಲ್ಲಿ ತಲಾ 600 ರೂಪಾಯಿಗೆ ಕೊಂಡಿದ್ದೀರಿ. 2025ರ ಫೆಬ್ರವರಿಯಲ್ಲಿ 120 ಮಾರಿದಿರಿ. 400 ರೂಪಾಯಿಯ ಲಾಟ್ ಪೂರ್ತಿ ಖಾಲಿ, 600ರ ಲಾಟ್‌ನಲ್ಲಿ 20 ಹೋಗಿ 30 ಉಳಿಯಿತು. 2025ರ ನವೆಂಬರ್‌ನಲ್ಲಿ ಆ 30ನ್ನೂ ಮಾರಿದಿರಿ. ಸರಿಯಾದ ಕೊಂಡ ಬೆಲೆ 18,000 ರೂಪಾಯಿ.

ಈಗ ಸಾಫ್ಟ್‌ವೇರ್‌ಗೆ 2025-26ರ ಟ್ರೇಡ್‌ಬುಕ್ ಮಾತ್ರ ಕೊಟ್ಟರೆ ಅದಕ್ಕೆ ಖರೀದಿಯೇ ಕಾಣುವುದಿಲ್ಲ. ಕೊಂಡ ಬೆಲೆ ಸೊನ್ನೆ ಎಂದು ಹಿಡಿದು ಮಾರಿದ ಹಣವನ್ನೆಲ್ಲ ಲಾಭ ಮಾಡಿಬಿಡುತ್ತದೆ. ಇದು ಕಣ್ಣಿಗೆ ರಾಚುವ ತಪ್ಪು, ತಿದ್ದಿಬಿಡುತ್ತೀರಿ. ಇನ್ನೊಂದು ತಪ್ಪು ಮೌನವಾಗಿ ಕೂರುತ್ತದೆ: 2021ರಿಂದ ಎಲ್ಲ ಖರೀದಿಗಳನ್ನೂ ಕೊಟ್ಟಿದ್ದೀರಿ, ಆದರೆ 2024-25ರ ಮಾರಾಟದ ಫೈಲ್ ಬಿಟ್ಟುಹೋಗಿದೆ. ಆಗ ಅದು ಈಗಾಗಲೇ ಖಾಲಿಯಾದ 400 ರೂಪಾಯಿಯ ಲಾಟ್‌ನಿಂದಲೇ 30 ಷೇರು ತೆಗೆದು 12,000 ಎಂದು ಬರೆಯುತ್ತದೆ. ಅಂಕಿ ನಂಬುವಂತೆಯೇ ಇರುತ್ತದೆ, ಲಾಭ ಮಾತ್ರ 6,000 ಹೆಚ್ಚು. ಹಾಗಾಗಿ ಕೊಟ್ಟರೆ ಮೊದಲ ದಿನದಿಂದ ಇಂದಿನವರೆಗಿನ ಖರೀದಿ-ಮಾರಾಟ ಎರಡನ್ನೂ ಕೊಡಿ. ಇಲ್ಲವಾದರೆ ಕಳೆದ ಮಾರ್ಚ್ 31ಕ್ಕೆ ಉಳಿದ ಲಾಟ್‌ಗಳನ್ನು ದಿನಾಂಕ ಮತ್ತು ಬೆಲೆ ಸಮೇತ ಆರಂಭಿಕ ದಾಸ್ತಾನು ಎಂದು ತುಂಬಿ. ಅರ್ಧ ಅದು ಅರ್ಧ ಇದು ಬೇಡ.

ಬ್ರೋಕರ್ ಬದಲಿಸಿ ಷೇರುಗಳನ್ನು ವರ್ಗಾಯಿಸಿದ್ದರೆ ಹೊಸ ಬ್ರೋಕರ್‌ನ ವರದಿಯಲ್ಲಿ ಕೊಂಡ ಬೆಲೆ ಖಾಲಿ ಇರಬಹುದು, ಅಥವಾ ವರ್ಗಾವಣೆಯ ದಿನದ ಬೆಲೆ ಕೂತಿರಬಹುದು. ನಿಮ್ಮದೇ ಖಾತೆಗಳ ನಡುವಿನ ವರ್ಗಾವಣೆ ಮಾರಾಟವಲ್ಲ. ಹಳೆಯ ದಿನಾಂಕ, ಹಳೆಯ ಬೆಲೆಯೇ ಮುಂದುವರಿಯುತ್ತದೆ.

ಖರ್ಚಿನ ಬಗ್ಗೆ ಒಂದು ಮಾತು: ಬ್ರೋಕರೇಜನ್ನು ಕಳೆಯಬಹುದು, ಸೆಕ್ಯುರಿಟೀಸ್ ವಹಿವಾಟು ತೆರಿಗೆಯನ್ನು (ಎಸ್‌ಟಿಟಿ) ಕಳೆಯುವಂತಿಲ್ಲ. ವರದಿಯಲ್ಲಿ ಒಟ್ಟು ಶುಲ್ಕ ಎಂಬ ಒಂದೇ ಕಾಲಂ ಇದ್ದರೆ ಎಸ್‌ಟಿಟಿ ಬೇರ್ಪಡಿಸಿಯೇ ಉಳಿದದ್ದನ್ನು ತುಂಬಬೇಕು.

ಷೆಡ್ಯೂಲ್ 112ಎ ಮತ್ತು 2018ರ ಜನವರಿ 31

ಲಿಸ್ಟೆಡ್ ಷೇರು ಮತ್ತು ಈಕ್ವಿಟಿ ಫಂಡ್‌ಗಳ ದೀರ್ಘಾವಧಿ ಲಾಭ ಷೆಡ್ಯೂಲ್ ಸಿಜಿಗೆ (ಫಾರ್ಮ್‌ನ ಬಂಡವಾಳ ಲಾಭದ ಪಟ್ಟಿ) ನೇರವಾಗಿ ಹೋಗುವುದಿಲ್ಲ. ಮೊದಲು ಷೆಡ್ಯೂಲ್ 112ಎ ತುಂಬಬೇಕು, ಅದರ ಮೊತ್ತ ತಾನಾಗಿ ಸಿಜಿಗೆ ಇಳಿಯುತ್ತದೆ. 2018ರ ಜನವರಿ 31ರ ನಂತರ ಕೊಂಡವುಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಸಾಲಿನಲ್ಲಿ ತೋರಿಸಬಹುದು. ಅಂದು ಅಥವಾ ಅದಕ್ಕೂ ಮುಂಚೆ ಕೊಂಡವಕ್ಕೆ ಪ್ರತಿ ಕಂಪನಿಗೂ ಐಎಸ್‌ಐಎನ್ (ಷೇರಿನ ಗುರುತು ಸಂಖ್ಯೆ) ಸಮೇತ ಪ್ರತ್ಯೇಕ ಸಾಲು ಬೇಕು. ಸಾಲುಗಳು ನೂರಾರು ಇದ್ದರೆ ಆ ವರ್ಷದ ಸಿಎಸ್‌ವಿ ಟೆಂಪ್ಲೇಟ್ ಇಳಿಸಿಕೊಂಡು ತುಂಬಿ ಅಪ್‌ಲೋಡ್ ಮಾಡಿ. ಕಳೆದ ವರ್ಷದ ಟೆಂಪ್ಲೇಟ್ ಬೇಡ. ಒಂದು ಕಾಲಂ ಹೆಚ್ಚುಕಡಿಮೆಯಾದರೂ ಅಪ್‌ಲೋಡ್ ಆಗದು.

ಹಳೆಯ ಷೇರುಗಳ ಕೊಂಡ ಬೆಲೆ ಕಂಡುಹಿಡಿಯುವ ಕ್ರಮ ಹೀಗೆ. 2018ರ ಜನವರಿ 31ರಂದು ಎಕ್ಸ್‌ಚೇಂಜ್‌ನಲ್ಲಿ ನಮೂದಾದ ಗರಿಷ್ಠ ಬೆಲೆ ಮತ್ತು ನೀವು ಮಾರಿದ ಬೆಲೆ, ಇವೆರಡರಲ್ಲಿ ಕಡಿಮೆಯದ್ದನ್ನು ತೆಗೆದುಕೊಳ್ಳಿ. ಅದನ್ನು ನಿಜವಾಗಿ ಕೊಟ್ಟ ಬೆಲೆಯ ಪಕ್ಕ ಇಟ್ಟು ಹೆಚ್ಚಿನದ್ದನ್ನು ಆರಿಸಿ. ಸಾಫ್ಟ್‌ವೇರ್ ಇದನ್ನು ತಪ್ಪಿಲ್ಲದೆ ಮಾಡುತ್ತದೆ, ಕೊಟ್ಟ ಅಂಕಿ ಸರಿಯಿದ್ದರೆ.

ಅಂಕಿ ಕೆಡುವುದು ಸ್ಪ್ಲಿಟ್ ಆದ ಷೇರುಗಳಲ್ಲಿ. 2016ರಲ್ಲಿ 10 ಷೇರುಗಳನ್ನು ತಲಾ 500ಕ್ಕೆ ಕೊಂಡಿದ್ದೀರಿ, ಒಟ್ಟು 5,000 ರೂಪಾಯಿ. 2018ರ ಜನವರಿ 31ರ ಬೆಲೆ 1,000. ಮುಂದೆ 2022ರಲ್ಲಿ ಮುಖಬೆಲೆ 10ರಿಂದ 2ಕ್ಕೆ ಇಳಿದು ನಿಮ್ಮ 10 ಷೇರು 50 ಆದವು, ಐಎಸ್‌ಐಎನ್ ಕೂಡ ಬದಲಾಯಿತು. ಈಗ ತಲಾ 350ಕ್ಕೆ ಎಲ್ಲವನ್ನೂ ಮಾರಿದರೆ ಬಂದದ್ದು 17,500. ಜನವರಿ 31ರ ಬೆಲೆಯನ್ನೂ ಐದರಿಂದ ಭಾಗಿಸಿ 200 ಎಂದು ಹಿಡಿಯಬೇಕು. 50 ಷೇರಿಗೆ 10,000, ಲಾಭ 7,500. ಸಾಫ್ಟ್‌ವೇರ್ ಹಳೆಯ 1,000ವನ್ನೇ 50ರಿಂದ ಗುಣಿಸಿದರೆ 50,000 ಬರುತ್ತದೆ. ಅದಕ್ಕಿಂತ ಮಾರಿದ ಬೆಲೆಯೇ ಕಡಿಮೆ, ಹಾಗಾಗಿ ಕೊಂಡ ಬೆಲೆ 17,500 ಆಗಿ ಲಾಭ ಸೊನ್ನೆ! ಹೊಸ ಐಎಸ್‌ಐಎನ್‌ಗೆ 2018ರ ಬೆಲೆಯೇ ಸಿಗದೆ ಖಾಲಿ ಬಿಟ್ಟರೆ ಲಾಭ 12,500 ಎಂದು ತೋರಿಸುತ್ತದೆ. ಎರಡೂ ಸುಳ್ಳು. ಹಳೆಯ ಷೇರು ಮಾರಿ ಲಾಭ ಸರಿಯಾಗಿ ಸೊನ್ನೆ ಬಂದ ಸಾಲುಗಳನ್ನೆಲ್ಲ ಕೈಯಿಂದ ಪರೀಕ್ಷಿಸಿ, ಈ ಗುಂಪಿನಲ್ಲಿ ತಪ್ಪು ಸಿಗುವುದು ಹೆಚ್ಚು. 2018ರ ನಂತರ ಸಿಕ್ಕ ಬೋನಸ್ ಷೇರಿಗೆ ಕೊಂಡ ಬೆಲೆ ಸೊನ್ನೆಯೇ. ಮೂಲ ಷೇರಿನ ಬೆಲೆಯನ್ನು ಅದಕ್ಕೂ ಹಂಚಿದ್ದರೆ ತಪ್ಪು.

ಎಐಎಸ್ ಜತೆ ಹೊಂದಿಸುವುದು

ಎಐಎಸ್‌ನ ಮೊತ್ತ ಬ್ರೋಕರ್ ವರದಿಗೆ ರೂಪಾಯಿ ಲೆಕ್ಕದಲ್ಲಿ ಹೊಂದಬೇಕೆಂದು ಹಟ ಹಿಡಿದು ಕೂರಬೇಡಿ. ಡಿಪಾಸಿಟರಿ (ಡಿಮ್ಯಾಟ್ ಷೇರುಗಳನ್ನು ಇಟ್ಟುಕೊಳ್ಳುವ ಸಂಸ್ಥೆ) ಕೊಡುವ ಮಾಹಿತಿಯಲ್ಲಿ ಮಾರಾಟದ ಮೊತ್ತವನ್ನು ಆ ದಿನದ ಮುಕ್ತಾಯದ ಬೆಲೆಯ ಮೇಲೆ ಅಂದಾಜಿಸಿರುತ್ತಾರೆ, ದಿನಾಂಕವೂ ಷೇರು ಖಾತೆಯಿಂದ ಹೊರಹೋದ ದಿನದ್ದು. ಮಾರ್ಚ್ ಕೊನೆಯ ದಿನ ಮಾರಿದ ಷೇರು ಏಪ್ರಿಲ್‌ನಲ್ಲಿ ಹೊರಹೋಗಿ ಮುಂದಿನ ವರ್ಷದ ಎಐಎಸ್‌ನಲ್ಲಿ ಕಾಣಿಸಬಹುದು. ನಿಮ್ಮ ಲೆಕ್ಕಕ್ಕೆ ಬ್ರೋಕರ್ ಕಳಿಸುವ ವಹಿವಾಟು ಚೀಟಿಯ, ಅಂದರೆ ಕಾಂಟ್ರಾಕ್ಟ್ ನೋಟ್‌ನ ದಿನಾಂಕ ಮತ್ತು ಬೆಲೆಯೇ ಆಧಾರ. ಎರಡು ವರ್ಷಗಳ ಗಡಿಯಲ್ಲಿ ಬಿದ್ದ ಇಂಥ ಮಾರಾಟವನ್ನು ಒಂದೇ ಬಾರಿ ತೋರಿಸಿದ್ದೀರಿ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕಳೆದ ವರ್ಷ ತೋರಿಸಿದ್ದನ್ನು ಎಐಎಸ್‌ನಿಂದ ಆಮದು ಮಾಡಿಕೊಂಡು ಈ ವರ್ಷ ಮತ್ತೆ ತೋರಿಸುವುದು ಸುಲಭವಾಗಿ ಆಗಿಬಿಡುತ್ತದೆ.

ಎಐಎಸ್‌ನ ಕೊಂಡ ಬೆಲೆಯ ಕಾಲಂ ಅಂತೂ ಅಂದಾಜು. ಅದನ್ನೇ ಸಾಫ್ಟ್‌ವೇರ್‌ಗೆ ಎಳೆದುಕೊಳ್ಳುವ ಬಟನ್ ಇದ್ದರೂ ಒತ್ತದಿರುವುದು ಲೇಸು. ನೀವು ಮಾರದೇ ಇರುವ ಷೇರು ಅಲ್ಲಿ ಮಾರಾಟವೆಂದು ಬಂದಿದ್ದರೆ ಅಲ್ಲೇ ಫೀಡ್‌ಬ್ಯಾಕ್ ದಾಖಲಿಸಿ.

ಈ ವರ್ಷ ನಿಯಮ ಎಲ್ಲಿ ಬದಲಾಗಿದೆ

2024-25ರಲ್ಲಿ ಒಂದೇ ವರ್ಷಕ್ಕೆ ಎರಡು ದರಗಳಿದ್ದವು. 2024ರ ಜುಲೈ 23ರಿಂದ ಲಿಸ್ಟೆಡ್ ಷೇರುಗಳ ಅಲ್ಪಾವಧಿ ಲಾಭದ ದರ ಶೇ 15ರಿಂದ ಶೇ 20ಕ್ಕೆ, ದೀರ್ಘಾವಧಿ ದರ ಶೇ 10ರಿಂದ ಶೇ 12.5ಕ್ಕೆ ಏರಿತು, ತೆರಿಗೆಯಿಲ್ಲದ ಮಿತಿ ಇಡೀ ವರ್ಷಕ್ಕೇ 1 ಲಕ್ಷದಿಂದ 1.25 ಲಕ್ಷಕ್ಕೆ ಹೋಯಿತು. ಹಾಗಾಗಿ ಆ ವರ್ಷದ ಫಾರ್ಮ್‌ನಲ್ಲಿ ಜುಲೈ 23ರ ಮುಂಚೆ, ಆಮೇಲೆ ಎಂದು ಮಾರಾಟಗಳನ್ನು ಒಡೆಯಬೇಕಿತ್ತು. 2025-26ರ ಮಾರಾಟಗಳಿಗೆಲ್ಲ ಹೊಸ ದರವೇ. ಕಳೆದ ವರ್ಷ ನೀವೇ ಮಾಡಿಟ್ಟುಕೊಂಡ ಎಕ್ಸೆಲ್ ಹಾಳೆಯನ್ನು ನಕಲು ಮಾಡಿ ಬಳಸುವವರು ಈ ಒಡಕನ್ನೂ ಹಳೆಯ ದರವನ್ನೂ ಅಳಿಸಿದ್ದೀರಾ ನೋಡಿ.

ಇದಕ್ಕಿಂತ ಹೆಚ್ಚು ಜನ ಎಡವುವುದು ಫಂಡ್‌ಗಳ ವರ್ಗೀಕರಣದಲ್ಲಿ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಸಾಲಪತ್ರ ಫಂಡ್‌ಗಳ ಲಾಭ ಎಷ್ಟೇ ವರ್ಷ ಇಟ್ಟುಕೊಂಡರೂ ಅಲ್ಪಾವಧಿ, ಸ್ಲ್ಯಾಬ್ ದರದ ತೆರಿಗೆ. ಇದು ಸೆಕ್ಷನ್ 50ಎಎ. ಮೊದಲು ದೇಶೀಯ ಈಕ್ವಿಟಿಯಲ್ಲಿ ಶೇ 35ಕ್ಕಿಂತ ಹೆಚ್ಚು ಹೂಡದ ಫಂಡ್‌ಗಳೆಲ್ಲ ಇದರೊಳಗೆ ಬರುತ್ತಿದ್ದವು, ಚಿನ್ನದ ಇಟಿಎಫ್ (ಷೇರುಪೇಟೆಯಲ್ಲಿ ಕೊಂಡು ಮಾರುವ ಚಿನ್ನದ ಫಂಡ್) ಸಮೇತ. 2026-27ನೇ ಅಸೆಸ್‌ಮೆಂಟ್ ವರ್ಷದಿಂದ ಸಾಲಪತ್ರ ಮತ್ತು ಮನಿ ಮಾರ್ಕೆಟ್‌ನಲ್ಲಿ ಶೇ 65ಕ್ಕಿಂತ ಹೆಚ್ಚು ಹೂಡುವ ಫಂಡ್‌ಗಳು ಮಾತ್ರ. ಅಂದರೆ ಎರಡು ವರ್ಷ ಹಿಂದೆ ಕೊಂಡ ಚಿನ್ನದ ಇಟಿಎಫ್ ಅನ್ನು 2025-26ರಲ್ಲಿ ಮಾರಿದ್ದರೆ ಅದು ದೀರ್ಘಾವಧಿ, ಶೇ 12.5. ಸಾಫ್ಟ್‌ವೇರ್‌ನಲ್ಲಿ ಆ ಫಂಡ್‌ಗೆ ಕಳೆದ ವರ್ಷ ಡೆಟ್ ಎಂದು ಹಚ್ಚಿದ ಗುರುತು ಹಾಗೇ ಉಳಿದಿದ್ದರೆ ಶೇ 30ರವರೆಗೆ ತೆರಿಗೆ ಹಾಕಿಬಿಡುತ್ತದೆ. ಆದರೆ ಇದು 112ಎ ಅಲ್ಲ, ಸೆಕ್ಷನ್ 112. 1.25 ಲಕ್ಷದ ವಿನಾಯಿತಿ ಇದಕ್ಕೆ ಸಿಗುವುದಿಲ್ಲ.

ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಇನ್ನೊಂದು: 2025-26ರ ಆದಾಯದಿಂದ ಸೆಕ್ಷನ್ 87ಎ ರಿಬೇಟು (ಕಡಿಮೆ ಆದಾಯದವರಿಗೆ ಸಿಗುವ ತೆರಿಗೆ ರಿಯಾಯಿತಿ) ವಿಶೇಷ ದರದ ಬಂಡವಾಳ ಲಾಭದ ತೆರಿಗೆಗೆ ಅನ್ವಯಿಸದು. ಕಡಿಮೆ ಆದಾಯವಿದ್ದೂ ಷೇರು ಲಾಭದ ಮೇಲೆ ತೆರಿಗೆ ತೋರಿಸುತ್ತಿದ್ದರೆ ಅದು ಸಾಫ್ಟ್‌ವೇರ್‌ನ ದೋಷವಲ್ಲ.

ನಷ್ಟ: ಷೆಡ್ಯೂಲ್ ಸಿಎಫ್‌ಎಲ್

ಬಂಡವಾಳ ನಷ್ಟದ ನಿಯಮಗಳು ಚಿಕ್ಕವು. ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಬಂಡವಾಳ ಲಾಭಕ್ಕೆ ಹೊಂದಿಸಬಹುದು, ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭಕ್ಕೆ ಮಾತ್ರ. ಸಂಬಳಕ್ಕೆ, ಬಾಡಿಗೆಗೆ ಹೊಂದಿಸಲು ಬಾರದು. ಉಳಿದದ್ದು ಮುಂದಿನ ಎಂಟು ಅಸೆಸ್‌ಮೆಂಟ್ ವರ್ಷ ಬದುಕಿರುತ್ತದೆ, ನಷ್ಟವಾದ ವರ್ಷದ ರಿಟರ್ನ್ಸನ್ನು ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ. ಹಳೆಯ ಪದ್ಧತಿಯೋ ಹೊಸದೋ ಎಂಬುದರಿಂದ ಇದಕ್ಕೆ ವ್ಯತ್ಯಾಸವಿಲ್ಲ.

ಫಾರ್ಮ್‌ನಲ್ಲಿ ಹೊಂದಾಣಿಕೆ ಮೂರು ಮೆಟ್ಟಿಲಲ್ಲಿ ನಡೆಯುತ್ತದೆ. ಈ ವರ್ಷದ ಲಾಭ-ನಷ್ಟ ಷೆಡ್ಯೂಲ್ ಸಿಜಿಯ ಟೇಬಲ್ ಇ ಒಳಗೇ ಸರಿದೂಗುತ್ತದೆ. ಹಿಂದಿನ ವರ್ಷಗಳ ನಷ್ಟ ಷೆಡ್ಯೂಲ್ ಬಿಎಫ್‌ಎಲ್‌ಎಯಲ್ಲಿ ಕಳೆಯುತ್ತದೆ. ಉಳಿಕೆ ಷೆಡ್ಯೂಲ್ ಸಿಎಫ್‌ಎಲ್‌ನಲ್ಲಿ ವರ್ಷವಾರು ನಿಲ್ಲುತ್ತದೆ. ಕಳೆದ ವರ್ಷದ ಸಿಎಫ್‌ಎಲ್‌ನ ಕೊನೆಯ ಸಾಲೇ ಈ ವರ್ಷದ ಮೊದಲ ಅಂಕಿ.

ಈಗ ಮಾಡಬೇಕಾದ್ದು:

1. ಕಳೆದ ವರ್ಷದ ಪಿಡಿಎಫ್‌ನಲ್ಲಿ ಸಿಎಫ್‌ಎಲ್ ತೆರೆದು ಅಲ್ಪಾವಧಿ, ದೀರ್ಘಾವಧಿ ಕಾಲಂಗಳ ಉಳಿಕೆ ಬರೆದುಕೊಳ್ಳಿ.
2. 143(1) ಇಂಟಿಮೇಷನ್‌ನಲ್ಲಿ ಇಲಾಖೆ ಒಪ್ಪಿದ ಮುಂದೊಯ್ಯುವ ನಷ್ಟವನ್ನು ಅದರ ಪಕ್ಕ ಇಡಿ. ವ್ಯತ್ಯಾಸವಿದ್ದರೆ ಇಲಾಖೆ ಈ ವರ್ಷ ತನ್ನ ಅಂಕಿಯನ್ನೇ ಹಿಡಿಯುತ್ತದೆ. ನಿಮ್ಮದು ಸರಿಯೆಂದು ಖಾತರಿಯಿದ್ದರೆ ಹಿಂದಿನ ವರ್ಷಕ್ಕೆ ಸೆಕ್ಷನ್ 154ರ ತಿದ್ದುಪಡಿ ಅರ್ಜಿ ಮೊದಲು ಹಾಕಿ.
3. ಪ್ರೀಫಿಲ್ ಆಗಿ, ಅಂದರೆ ತಾನಾಗಿ ತುಂಬಿ ಬಂದ ಅಂಕಿಗಳನ್ನು ಇವೆರಡರ ಜತೆ ಸಾಲುಸಾಲಾಗಿ ಹೋಲಿಸಿ. ಬಾರದಿದ್ದರೆ ಕೈಯಾರೆ ತುಂಬಿ. ಪ್ರತಿ ನಷ್ಟವೂ ಅದು ಆದ ವರ್ಷದ ಸಾಲಿನಲ್ಲೇ ಇರಬೇಕು; ಎಲ್ಲವನ್ನೂ ಒಟ್ಟುಮಾಡಿ ಕಳೆದ ವರ್ಷದ ಸಾಲಿಗೆ ಹಾಕಿದರೆ ಎಂಟು ವರ್ಷದ ಎಣಿಕೆ ಕೆಡುತ್ತದೆ.
4. ರಿಟರ್ನ್ಸ್ ಸಲ್ಲಿಸಿದ ದಿನಾಂಕದ ಕಾಲಂಗೆ ಆಯಾ ವರ್ಷದ ಮೂಲ ರಿಟರ್ನ್ಸ್‌ನ ದಿನಾಂಕ ಹಾಕಿ. ಪರಿಷ್ಕೃತ ರಿಟರ್ನ್ಸ್‌ನ ದಿನಾಂಕ ಕೂತರೆ ಗಡುವು ಮೀರಿದಂತೆ ಕಂಡು ನಷ್ಟ ತಿರಸ್ಕೃತವಾಗುವ ಅಪಾಯವಿದೆ.
5. ಅವಧಿ ಮುಗಿದವನ್ನು ತೆಗೆದುಹಾಕಿ. ಈ ಸಲ ಬಳಸಬಹುದಾದ ಅತಿ ಹಳೆಯ ನಷ್ಟ 2018-19ನೇ ಅಸೆಸ್‌ಮೆಂಟ್ ವರ್ಷದ್ದು, ಅದಕ್ಕೂ ಇದೇ ಕೊನೆಯ ವರ್ಷ.

ಆ 2018-19ರ ಸಾಲಿನಲ್ಲಿ ಲಿಸ್ಟೆಡ್ ಷೇರಿನ ದೀರ್ಘಾವಧಿ ನಷ್ಟ ಇದ್ದರೆ ಅನುಮಾನಪಡಿ. 2018ರ ಮಾರ್ಚ್ 31ರವರೆಗೆ ಎಸ್‌ಟಿಟಿ ಕಟ್ಟಿ ಎಕ್ಸ್‌ಚೇಂಜ್‌ನಲ್ಲಿ ಮಾರಿದ ದೀರ್ಘಾವಧಿ ಷೇರುಗಳ ಲಾಭಕ್ಕೆ ತೆರಿಗೆಯೇ ಇರಲಿಲ್ಲ, ಹಾಗಾಗಿ ಆ ನಷ್ಟವೂ ಲೆಕ್ಕಕ್ಕಿಲ್ಲ. ನಿವೇಶನ ಅಥವಾ ಚಿನ್ನದ ನಷ್ಟವಾದರೆ ಸರಿ.

ಸಂಖ್ಯೆಯಲ್ಲಿ ನೋಡೋಣ. 2024-25ರಿಂದ 60,000 ಅಲ್ಪಾವಧಿ ನಷ್ಟ, 2,00,000 ದೀರ್ಘಾವಧಿ ನಷ್ಟ ಬಂದಿದೆ. 2025-26ರಲ್ಲಿ ಷೇರುಗಳಿಂದ 90,000 ಅಲ್ಪಾವಧಿ ಲಾಭ, 3,10,000 ದೀರ್ಘಾವಧಿ ಲಾಭ. ಸಂಬಳ ಮೂಲ ವಿನಾಯಿತಿ ಮಿತಿಗಿಂತ ಸಾಕಷ್ಟು ಮೇಲಿದೆ, ಸರ್ಚಾರ್ಜ್ ಇಲ್ಲ ಎಂದಿಟ್ಟುಕೊಳ್ಳಿ. ಹೊಂದಾಣಿಕೆಯ ನಂತರ ಅಲ್ಪಾವಧಿ 30,000 ಉಳಿಯುತ್ತದೆ. ಶೇ 20ರಂತೆ 6,000. ದೀರ್ಘಾವಧಿ 1,10,000, ಅದು 1.25 ಲಕ್ಷದೊಳಗಿದೆ, ತೆರಿಗೆ ಇಲ್ಲ. ಶೇ 4 ಸೆಸ್ ಸೇರಿ 6,240 ರೂಪಾಯಿ. ಸಿಎಫ್‌ಎಲ್ ಖಾಲಿ ಬಿಟ್ಟರೆ ಅಲ್ಪಾವಧಿಗೆ 18,000, ದೀರ್ಘಾವಧಿಯ 1,85,000ಕ್ಕೆ 23,125, ಸೆಸ್ 1,645, ಒಟ್ಟು 42,770. ಎರಡು ಪೆಟ್ಟಿಗೆಗಳಲ್ಲಿ ಅಂಕಿ ತುಂಬದ್ದಕ್ಕೆ 36,530 ರೂಪಾಯಿ. ಸಾಫ್ಟ್‌ವೇರ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅದರ ದೃಷ್ಟಿಯಲ್ಲಿ ಫಾರ್ಮ್ ಸರಿಯಾಗಿಯೇ ಇದೆ.

ಇದೇ ಲೆಕ್ಕದಲ್ಲಿ 60,000ದ ಅಲ್ಪಾವಧಿ ನಷ್ಟ ದೀರ್ಘಾವಧಿ ಲಾಭದ ಮೇಲೆ ಹೋಗಿ ಬಿದ್ದರೆ ಸೆಸ್ ಬಿಟ್ಟು 12,000 ಹೆಚ್ಚು ತೆರಿಗೆ ಬರುತ್ತದೆ. ಆದ್ದರಿಂದ ಬಿಎಫ್‌ಎಲ್‌ಎಯಲ್ಲಿ ಯಾವ ನಷ್ಟ ಯಾವ ಸಾಲಿಗೆ ಹೋಗಿದೆ ಎಂದು ಒಮ್ಮೆ ಕಣ್ಣಾಡಿಸಿ.

ಹಲವರಿಗೆ ಬೇಸರ ತರಿಸುವ ಸಂಗತಿ ಇನ್ನೊಂದಿದೆ. ದೀರ್ಘಾವಧಿ ಲಾಭ 1,20,000 ಮಾತ್ರ, ಹೇಗೂ ತೆರಿಗೆಯಿಲ್ಲ, ಹಳೆಯ 2,00,000 ನಷ್ಟವನ್ನು ಮುಟ್ಟದೆ ಇಟ್ಟುಕೊಳ್ಳೋಣ ಎಂದರೆ ಆಗದು. ನಷ್ಟದ ಹೊಂದಾಣಿಕೆ ಮೊದಲು, 1.25 ಲಕ್ಷದ ವಿನಾಯಿತಿ ಆಮೇಲೆ. 1,20,000 ನಷ್ಟ ಕರಗಿ 80,000 ಮಾತ್ರ ಮುಂದೆ ಹೋಗುತ್ತದೆ, ಬಳಸದ ವಿನಾಯಿತಿ ಅಲ್ಲಿಗೇ ಮುಗಿಯಿತು. ಇದು ಕಾನೂನಿನ ಕ್ರಮ, ಸಾಫ್ಟ್‌ವೇರ್ ಜತೆ ಗುದ್ದಾಡಿ ಉಪಯೋಗವಿಲ್ಲ.

ನಷ್ಟವನ್ನು ಬಳಸುವ ವರ್ಷದ ರಿಟರ್ನ್ಸ್ ತಡವಾದರೆ ಹಳೆಯ ನಷ್ಟ ಹೋಯಿತೆಂದು ಹೆದರಬೇಕಿಲ್ಲ. ಗಡುವಿನ ಷರತ್ತು ನಷ್ಟವಾದ ವರ್ಷಕ್ಕೆ. ತಡವಾದ ರಿಟರ್ನ್ಸ್‌ನಲ್ಲಿ ಹಳೆಯ ನಷ್ಟವನ್ನು ಹೊಂದಿಸಬಹುದು, ಆ ವರ್ಷದ ಹೊಸ ನಷ್ಟವನ್ನು ಮಾತ್ರ ಮುಂದೊಯ್ಯಲಾಗದು.

2024ರ ಅಕ್ಟೋಬರ್ 1ರಿಂದ 2026ರ ಮಾರ್ಚ್ 31ರವರೆಗಿನ ಬೈಬ್ಯಾಕ್‌ನಲ್ಲಿ (ಕಂಪನಿ ತನ್ನ ಷೇರುಗಳನ್ನು ತಾನೇ ವಾಪಸ್ ಕೊಳ್ಳುವುದು) ಷೇರು ಕೊಟ್ಟಿದ್ದವರಿಗೆ ವಿಚಿತ್ರವಾದ ಒಂದು ನಷ್ಟ ಬರುತ್ತದೆ. ಸಿಕ್ಕ ಹಣ ಡಿವಿಡೆಂಡ್ ಎಂದು ಇತರ ಮೂಲದ ಆದಾಯಕ್ಕೆ ಹೋಗುತ್ತದೆ, ಮಾರಿದ ಬೆಲೆ ಸೊನ್ನೆ ಎನಿಸಿ ಕೊಂಡ ಬೆಲೆಯಷ್ಟೂ ಬಂಡವಾಳ ನಷ್ಟವಾಗುತ್ತದೆ. ಬ್ರೋಕರ್ ವರದಿ ಇದನ್ನು ಮಾಮೂಲಿ ಮಾರಾಟವೆಂದು ತೋರಿಸಿರಬಹುದು. ಡಿವಿಡೆಂಡ್ ಜಾಗದಲ್ಲಿ ಹಣ ತೋರಿಸದೆ ನಷ್ಟ ಮಾತ್ರ ಕೇಳಿದರೆ ಸಿಗದು.

ಟೇಬಲ್ ಎಫ್

ಅಪ್‌ಲೋಡ್ ಮಾಡುವಾಗ ಬರುವ ತಪ್ಪು ಸಂದೇಶಗಳಲ್ಲಿ ಷೆಡ್ಯೂಲ್ ಸಿಜಿಯ ಈ ಟೇಬಲ್‌ನದ್ದೇ ಮೇಲುಗೈ. ಲಾಭ ಯಾವ ಅವಧಿಯಲ್ಲಿ ಬಂತು ಎಂದು ಐದು ಭಾಗ ಮಾಡಿ ಕೊಡಬೇಕು: ಜೂನ್ 15ರವರೆಗೆ, ಸೆಪ್ಟೆಂಬರ್ 15ರವರೆಗೆ, ಡಿಸೆಂಬರ್ 15ರವರೆಗೆ, ಮಾರ್ಚ್ 15ರವರೆಗೆ, ಮಾರ್ಚ್ 31ರವರೆಗೆ. ಮುಂಗಡ ತೆರಿಗೆಯ ಬಡ್ಡಿಗೆ ಇದು ಬೇಕು. ಬ್ರೋಕರ್ ವರದಿಯ ತ್ರೈಮಾಸಿಕ ಅಂಕಿಗಳನ್ನು ನೇರವಾಗಿ ಹಾಕಿದರೆ ಹೊಂದದು. ಇಲ್ಲಿ ಬೇಕಾದದ್ದು ಹಿಂದಿನ ನಷ್ಟವೂ ಕಳೆದ ಮೇಲಿನ ಲಾಭ. ಮೇಲಿನ ಉದಾಹರಣೆಯಲ್ಲಿ ಅಲ್ಪಾವಧಿಯ ಐದು ಪೆಟ್ಟಿಗೆಗಳ ಮೊತ್ತ 90,000 ಅಲ್ಲ, 30,000. ನಷ್ಟವಾದ ಅವಧಿಗೆ ಮೈನಸ್ ಹಾಕಬೇಡಿ, ಸೊನ್ನೆ ಹಾಕಿ ಉಳಿದವುಗಳಲ್ಲಿ ಕಳೆಯಿರಿ. ಪೈಸೆಗಳನ್ನು ಪೂರ್ಣಾಂಕ ಮಾಡುವಾಗ ಒಂದೆರಡು ರೂಪಾಯಿ ಹೆಚ್ಚುಕಡಿಮೆಯಾದರೆ ದೊಡ್ಡ ಮೊತ್ತದ ಪೆಟ್ಟಿಗೆಯಲ್ಲಿ ಸರಿಮಾಡಿ.

ಮನೆ, ನಿವೇಶನ ಮಾರಿದವರಿಗೆ

ಮನೆ ಮಾರಿದ ಲಾಭಕ್ಕೆ ಸೆಕ್ಷನ್ 54ರ ವಿನಾಯಿತಿ ಕೇಳಿ, ಹೊಸ ಮನೆ ಇನ್ನೂ ಆಗದಿದ್ದರೆ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡುತ್ತೀರಿ. ಆ ವರ್ಷದ ಫಾರ್ಮ್ ಠೇವಣಿ ದಿನಾಂಕ, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಎಲ್ಲ ಕೇಳುತ್ತದೆ. ಮರುವರ್ಷ ಏನೂ ಕೇಳುವುದಿಲ್ಲ. ಕೊಳ್ಳಲು ಎರಡು ವರ್ಷ, ಕಟ್ಟಿಸಲು ಮೂರು ವರ್ಷ. ಬಳಸದೆ ಉಳಿದ ಹಣ ಮೂರು ವರ್ಷ ಮುಗಿದ ವರ್ಷದಲ್ಲಿ ದೀರ್ಘಾವಧಿ ಲಾಭವಾಗಿ ತೆರಿಗೆಗೆ ಬರುತ್ತದೆ, ಅದಕ್ಕೆ ಷೆಡ್ಯೂಲ್ ಸಿಜಿಯಲ್ಲಿ ಬೇರೆಯೇ ಸಾಲಿದೆ. ನೀವಾಗಿ ತುಂಬಿದರೆ ಉಂಟು, ಇಲ್ಲದಿದ್ದರೆ ನೋಟಿಸ್ ಬಂದಾಗಲೇ ನೆನಪು. ಮಾರಿದ ದಿನಾಂಕಕ್ಕೆ ಮೂರು ವರ್ಷ ಕೂಡಿಸಿ ಫೋನಿನ ಕ್ಯಾಲೆಂಡರ್‌ನಲ್ಲಿ ಈಗಲೇ ಹಾಕಿಡಿ.

ಸಲ್ಲಿಸಿ, ವೆರಿಫೈ ಮಾಡಿ, ಎತ್ತಿಡಿ

ಇ-ವೆರಿಫಿಕೇಷನ್‌ಗೆ 30 ದಿನ ಸಮಯ. ಸಾಮಾನ್ಯ ರಿಟರ್ನ್ಸ್‌ಗೆ ಇದೊಂದು ಔಪಚಾರಿಕ ಕೆಲಸ, ನಷ್ಟದ ರಿಟರ್ನ್ಸ್‌ಗೆ ಹಾಗಲ್ಲ. 30 ದಿನ ಮೀರಿ ವೆರಿಫೈ ಮಾಡಿದರೆ ವೆರಿಫೈ ಮಾಡಿದ ದಿನವೇ ಸಲ್ಲಿಸಿದ ದಿನ ಎಂದಾಗುತ್ತದೆ. ಜುಲೈ ಕೊನೆಯಲ್ಲಿ ಗಡುವಿನೊಳಗೆ ಅಪ್‌ಲೋಡ್ ಮಾಡಿ ಸೆಪ್ಟೆಂಬರ್‌ನಲ್ಲಿ ಒಟಿಪಿ ಹಾಕಿದವರ ರಿಟರ್ನ್ಸ್ ತಡವಾದದ್ದೇ, ಆ ವರ್ಷದ ನಷ್ಟವೂ ಹೋದಂತೆಯೇ. ಅಪ್‌ಲೋಡ್ ಆದ ಐದು ನಿಮಿಷದಲ್ಲಿ ಆಧಾರ್ ಒಟಿಪಿಯಿಂದ ಮುಗಿಸಿಬಿಡಿ.

ಆಮೇಲೆ ಪಿಡಿಎಫ್, ಜೇಸನ್, 112ಎ ಸಿಎಸ್‌ವಿ, ಬ್ರೋಕರ್ ವರದಿ, ಮಾರ್ಚ್ 31ರ ಲಾಟ್‌ವಾರು ಹೋಲ್ಡಿಂಗ್, ಐದನ್ನೂ ಒಂದೇ ಫೋಲ್ಡರ್‌ಗೆ ಹಾಕಿ. ಖಾಸಗಿ ತಂತ್ರಾಂಶದ ಖಾತೆಯಲ್ಲಿ ಇದೆಯಲ್ಲ ಎಂದು ಬಿಡಬೇಡಿ. ಚಂದಾ ನಿಲ್ಲಿಸಿದ ಮೇಲೆ ಹಳೆಯ ವರ್ಷಗಳು ತೆರೆಯದಿರಬಹುದು. ಇಂಟಿಮೇಷನ್ ಬಂದಾಗ ರೀಫಂಡ್ ಮೊತ್ತ ನೋಡಿ ಮುಚ್ಚಬೇಡಿ, ಮುಂದೊಯ್ಯುವ ನಷ್ಟದ ಸಾಲನ್ನೂ ನೋಡಿ.

ಫೋಲ್ಡರ್‌ಗೆ ಹೆಸರಿಡುವಾಗ ಆರ್ಥಿಕ ವರ್ಷವನ್ನೇ ಬರೆಯಿರಿ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅಸೆಸ್‌ಮೆಂಟ್ ವರ್ಷ ಎಂಬುದೇ ಇಲ್ಲ, ಅದರ ಜಾಗಕ್ಕೆ ಟ್ಯಾಕ್ಸ್ ಇಯರ್ ಬಂದಿದೆ. ಅಸೆಸ್‌ಮೆಂಟ್ ವರ್ಷ 2026-27 ಎಂದರೆ 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಆದಾಯ. ಟ್ಯಾಕ್ಸ್ ಇಯರ್ 2026-27 ಎಂದರೆ ಅದರ ಮರುವರ್ಷದ್ದು. 2027ರಲ್ಲಿ ನಷ್ಟದ ಪಟ್ಟಿ ತುಂಬಲು ಕೂತಾಗ 2026-27 ಎಂಬ ಒಂದೇ ಹೆಸರಿನ ಎರಡು ಫೋಲ್ಡರ್‌ಗಳು ಎದುರಿಗಿದ್ದರೆ ಯಾವ ನಷ್ಟ ಯಾವ ಸಾಲಿಗೆ ಎಂಬ ಗೊಂದಲ ಖಂಡಿತ. ನಷ್ಟದ ನಿಮ್ಮ ಸ್ವಂತ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಇಷ್ಟಿರಲಿ: ನಷ್ಟವಾದ ಆರ್ಥಿಕ ವರ್ಷ, ರಿಟರ್ನ್ಸ್ ಸಲ್ಲಿಸಿದ ದಿನಾಂಕ, ಅಲ್ಪಾವಧಿ ಮೊತ್ತ, ದೀರ್ಘಾವಧಿ ಮೊತ್ತ, ಯಾವ ವರ್ಷ ಎಷ್ಟು ಬಳಕೆಯಾಯಿತು, ಉಳಿಕೆ ಎಷ್ಟು, ಕೊನೆಯ ವರ್ಷ ಯಾವುದು.